ಗೊಣಗುವ ಕವಾಟ

ಉಗಿಬಂಡಿ ಹೊಸದಾಗಿದ್ದ ಕಾಲ. ಮೇಲ್ ಗಾಡಿಗೆ ಬಡ್ತಿ ಸಿಗಬೇಕಾದರೆ ಚಾಲಕ ಫಕೀರಪ್ಪ ಘಾಟಿಯನ್ನು ಎಲ್ಲರಿಗಿಂತ ಬೇಗ ಹತ್ತಬೇಕಿತ್ತು. ಹೆಚ್ಚಾದ ಉಗಿಯನ್ನು ಹೊರಬಿಡುವ ಕವಾಟ ಬುಸುಗುಟ್ಟಿತು: "ಯಜಮಾನರೇ, ಬಾಯ್ಲರ್ ಇಷ್ಟನ್ನು ತಡೆಯಲಾರದು."

"ಇದರದು ಯಾವಾಗಲೂ ಇದೇ ಗೊಣಗಾಟ," ಎಂದಿತು ಸೀಟಿ. "ನಾನು ಕೂಗಿದರೆ ಊರೇ ತಿರುಗಿ ನೋಡುತ್ತದೆ. ಇದು ಬಾಯಿ ತೆರೆದರೆ ಉಗಿ ದಂಡ."

"ಸಾಕು ಮಾಡು," ಎಂದು ಫಕೀರಪ್ಪ, ಉಳಿದ ಚಾಲಕರೂ ಮಾಡುತ್ತಿದ್ದಂತೆ, ಕವಾಟವನ್ನು ತಂತಿಯಿಂದ ಬಿಗಿದು ಕಟ್ಟಿದ. ಗಾಡಿ ಜೋರಾಗಿಯೇ ಹತ್ತಿತು. ಅರ್ಧ ಘಾಟಿಯಲ್ಲಿ ಬಾಯ್ಲರ್ ಸಿಡಿದು ಫಕೀರಪ್ಪ ಸತ್ತ.

ತನಿಖೆಗೆ ಬಂದ ಸಾಹೇಬರಿಗೆ ಪೊದೆಯಲ್ಲಿ ಬಿದ್ದಿದ್ದ ಸೀಟಿ ಸಾಕ್ಷಿ ಹೇಳಿತು: "ಕವಾಟದ್ದು ಯಾವ ತಕರಾರೂ ಇರಲಿಲ್ಲ ಸ್ವಾಮಿ. ಕೊನೆಕೊನೆಗೆ ಗೊಣಗುವುದನ್ನೂ ಬಿಟ್ಟಿತ್ತು."