ತೊಟ್ಟಿಲಿಗೆ ಹೇಳಿದ ಮಾತು

ಹೊಳೆಯ ದಡದ ಆಶ್ರಮದಲ್ಲಿ ಅಡವಯ್ಯ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರ ಬಳಿ ಹೊನ್ನವ್ವ ಬರೆಯುವುದನ್ನು ಕಲಿಯುತ್ತಿದ್ದಳು.

ಒಂದು ದಿನ ಅವಳ ತಮ್ಮ ಈರಣ್ಣ ಬಂದ. ದೂರದ ಸೀಮೆಗೆ ಹೊರಟಿದ್ದ. ಮತ್ತೆ ಯಾವಾಗ ಬರುವನೋ ಅವನಿಗೇ ತಿಳಿಯದು. ಅವ್ವ ಹೇಗಿದ್ದಳೆಂದು ಬರೆದುಕೊಡು, ಜೊತೆಗೆ ಒಯ್ಯುತ್ತೇನೆ ಎಂದ. ಅವ್ವ ತೀರಿಕೊಂಡಾಗ ಅವನಿನ್ನೂ ತೊಟ್ಟಿಲ ಕೂಸು.

ಹೊನ್ನವ್ವ ಕೂತು ಬರೆದಳು. ಅಗಲವಾದ ಹಣೆ, ಮೂಗುತಿ, ಹಸಿರು ಸೀರೆಯ ಕೆಂಪು ಸೆರಗು, ಮುಂಗೈ ತುಂಬ ಬಳೆ. ಒಂದನ್ನೂ ಬಿಡಲಿಲ್ಲ.

ಈರಣ್ಣ ಎರಡು ಸಲ ಓದಿದ. ಆಮೇಲೆ ಮೆಲ್ಲಗೆ ಅಂದ: "ಚೆಂದ ಅದಾಳಕ್ಕ. ಆದ್ರ ಯಾರದೋ ಅವ್ವ ಅನ್ನಿಸ್ತಾಳ."

ಹೊನ್ನವ್ವ ಹಾಳೆ ಹಿಡಿದು ಗುರುಗಳ ಬಳಿಗೆ ಹೋದಳು. ಅವರು ಸೊಪ್ಪು ಸೋಸುತ್ತಲೇ ಪೂರ್ತಿ ಓದಿಸಿ ಕೇಳಿದರು.

"ಬಳೆಗಾರನಿಗೆ ಇಷ್ಟು ಸಾಕು. ಸೀರಿ ಅಂಗಡಿಯವನಿಗೂ ಸಾಕು. ಮಗನಿಗೆ ಏನು ಬರದಿ?"

ಬರೆಯದೆ ಬಿಟ್ಟದ್ದು ಒಂದಿದೆ ಎಂದಳು ಹೊನ್ನವ್ವ. ಅವ್ವ ಒಂದು ಕೊಡ ನೀರಿಗೆ ಹೊರಟರೂ ತೊಟ್ಟಿಲಿಗೆ ಬಗ್ಗಿ ಕೂಸಿಗೆ ಹೇಳಿಯೇ ಹೊರಡುವಳು. ಕೂಸಿಗೇನು ತಿಳಿಯುತ್ತದೆ ಎಂದು ನೆರೆಯವರು ನಗುತ್ತಿದ್ದರು. ಕೊನೆಗೆ ಜ್ವರ ಏರಿ, ವೈದ್ಯರ ಊರಿಗೆ ಒಯ್ಯಲು ಗಾಡಿಯಲ್ಲಿ ಮಲಗಿಸಿದಾಗಲೂ ಅವಳು ಇಳಿದಳು. ಇಬ್ಬರ ಹೆಗಲು ಹಿಡಿದು ಒಳಗೆ ಬಂದಳು. ತೊಟ್ಟಿಲಿಗೆ ಬಗ್ಗಿ "ಬರ್ತೀನಪ್ಪಾ" ಎಂದಳು.

"ಅದನ್ನ ಯಾಕ ಬಿಟ್ಟಿ?"

"ಬರ್ತೀನಿ ಅಂದಾಕಿ ಬರಲಿಲ್ಲ, ಅಜ್ಜಾರ. ಬರದ್ರ ಅವ್ವ ಸುಳ್ಳು ಹೇಳಿದಂಗ ಆಗ್ತದ."

"ಹೋಗ್ತೀನಿ ಅಂತ ಯಾವ ಅವ್ವ ಅಂತಾಳ? ಬರಿ."

ಹೊನ್ನವ್ವ ಹೊಸ ಹಾಳೆಯಲ್ಲಿ ಅಷ್ಟನ್ನೇ ಬರೆದಳು. ಮನಸ್ಸು ತಡೆಯದೆ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ನಿನ್ನನ್ನು ಬಿಟ್ಟು ಹೋಗಲು ಅವ್ವನಿಗೆ ಮನಸ್ಸೇ ಇರಲಿಲ್ಲ.

ಗುರುಗಳು ಆ ಸಾಲಿನ ಮೇಲ್ಗಡೆ ಹಾಳೆ ಮಡಚಿ, ಉಗುರಿನಿಂದ ಗೀರಿ, ಆ ಸಾಲನ್ನಷ್ಟೇ ಹರಿದು ತೆಗೆದರು.

ದಡದಲ್ಲಿ ದೋಣಿಯವನು ಈರಣ್ಣನನ್ನು ಕೂಗುತ್ತಿದ್ದ. ಹೊನ್ನವ್ವನ ಕಣ್ಣು ತುಂಬಿತು.

"ಅದನ್ನ ಹೇಳದಿದ್ರ ಅವನಿಗೆ ಹೆಂಗ ಗೊತ್ತಾಗಬೇಕು, ಅಜ್ಜಾರ?"

ಗುರುಗಳು ಉಳಿದ ಹಾಳೆಯನ್ನು ಅವಳ ಕೈಗಿಟ್ಟರು.

"ತೊಟ್ಟಿಲಾಗ ಇದ್ದಾಂವ ಅವನು. ಆ ಸಾಲು ಅವನೇ ಹೇಳಿಕೊಳ್ಳಾಕ ಬಿಡು."