ಬೆಕ್ಕಿನ ಕಂಬಳಿ, ಎತ್ತಿನ ಗಾಣ

ಬೀಜ ತೆಗೆಸಿದ್ದ ಗಂಡುಬೆಕ್ಕೊಂದು ಮನೆಗೆ ನೆಂಟರು ಬಂದಾಗಲೆಲ್ಲ ಕೊಟ್ಟಿಗೆಗೆ ಓಡಿ, ಹಳೇ ಕಂಬಳಿಯನ್ನು ಹೆಣ್ಣುಬೆಕ್ಕಿನ ಕುತ್ತಿಗೆಯಂತೆ ಕಚ್ಚಿ ಹಿಡಿದು ಅದರ ಮೇಲೇರುತ್ತಿತ್ತು.

ಕೊಟ್ಟಿಗೆಯಲ್ಲಿದ್ದ ಗಾಣದ ಮುದಿ ಎತ್ತು ಇದನ್ನು ಕಂಡು ಗದರಿತು: "ಡಾಕ್ಟರು ನಿನ್ನ ಆ ವ್ಯವಹಾರ ಮುಗಿಸಿ ಎರಡು ವರ್ಷವಾಯಿತು. ಇನ್ನೂ ಯಾಕಯ್ಯಾ ಈ ಚಪಲ? ಯಜಮಾನಿ ಕಂಡರೆ ಕಂಬಳಿಯ ಜೊತೆ ನಿನ್ನನ್ನೂ ಆಚೆ ಎಸೆಯುತ್ತಾಳೆ."

ಬೆಕ್ಕು ಕಂಬಳಿ ಬಿಟ್ಟಿತು. "ಚಪಲವಲ್ಲ, ಎತ್ತಣ್ಣಾ. ಹೊಸಬರನ್ನು ಕಂಡರೆ ಜೀವ ತಳಮಳಿಸುತ್ತದೆ. ಹೀಗೆ ಮಾಡಿದರೆ ಸಮಾಧಾನ. ಆಸೆ ಹೋಗಿದೆ, ಮೈಗೆ ರೂಢಿ ಉಳಿದಿದೆ."

"ಬರೀ ನೆಪ!" ಎಂದು ಎತ್ತು ಹಿತ್ತಿಲಿಗೆ ನಡೆಯಿತು. ಅಲ್ಲಿದ್ದ ಗಾಣವನ್ನು ಕಿತ್ತು ಮಾರಿ ಮೂರು ವರ್ಷವಾಗಿತ್ತು. ಎತ್ತು ಮಾತ್ರ ದಿನದಂತೆ ಆ ಖಾಲಿ ಜಾಗವನ್ನು ಸುತ್ತತೊಡಗಿತು.

ಬೆಕ್ಕು ಗೋಡೆಯ ಮೇಲೆ ಕೂತು ನಾಲ್ಕು ಸುತ್ತು ನೋಡಿತು. ಆಮೇಲೆ ಮೆಲ್ಲಗೆ ಕೇಳಿತು: "ಎತ್ತಣ್ಣಾ, ಇವತ್ತು ಎಣ್ಣೆ ಎಷ್ಟು ಬಂತು?"

ಎತ್ತು ನಿಂತಿತು. ತನ್ನ ಕಾಲ ಕೆಳಗೆ ಹುಲ್ಲು ಹುಟ್ಟದ ದುಂಡನೆಯ ದಾರಿಯನ್ನು ನೋಡಿತು. ಮತ್ತೆ ಕೊಟ್ಟಿಗೆಗೆ ಬಂದು, ಹಿಂದೆಯೇ ಬಂದ ಬೆಕ್ಕಿನತ್ತ ಕೊಂಬಿನಿಂದ ಕಂಬಳಿಯನ್ನು ತಳ್ಳಿತು.

"ಯಜಮಾನಿ ಬಂದರೆ ಕೊರಳ ಗಂಟೆ ಅಲ್ಲಾಡಿಸುತ್ತೇನೆ," ಎಂದಿತು.