ಕೈ ಕೊಡುವ ಜೀಪು

ಕಪಿಲೆಯ ದಡದಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಕೆಂಡಗಣ್ಣ ಅಂತ ಒಬ್ಬ ಶಿಷ್ಯ. ವಯಸ್ಸು ಮೂವತ್ತು ದಾಟಿದ್ದರೂ ಯಾವ ಕೆಲಸದಲ್ಲೂ ನೆಟ್ಟಗೆ ನಿಂತವನಲ್ಲ. ಅನ್ನ ಸೀದ ದಿನ ಅಡುಗೆಮನೆ ಬಿಟ್ಟ, ಹಸು ಒದ್ದ ದಿನ ಕೊಟ್ಟಿಗೆ ಬಿಟ್ಟ.

ಗುರುಗಳಾದ ಮರಿಯಪ್ಪ ಸ್ವಾಮಿಗಳು ಕಾವಿ ಉಡುವ ಮುಂಚೆ ಲಾರಿ ರಿಪೇರಿ ಮಾಡುತ್ತಿದ್ದವರು. ಒಂದು ಬೆಳಿಗ್ಗೆ ಅವನನ್ನು ಕರೆದರು.

"ಅಗ್ಗದ್ದೊಂದು ಹಳೇ ಗಾಡಿ ತರೋಣ. ನಾನು ಹೇಳಿಕೊಡ್ತೀನಿ, ರಿಪೇರಿ ನೀನು ಮಾಡು. ಇದನ್ನೂ ಅರ್ಧಕ್ಕೆ ಬಿಟ್ಟೆಯೋ, ನಿನಗೆ ಕೊಡೋಕೆ ನನ್ನ ಹತ್ತಿರ ಬೇರೆ ಕೆಲಸ ಇಲ್ಲ. ನಿಮ್ಮೂರಿನ ಬಸ್ಸು ಹತ್ತು."

"ಆಗಲಿ ಬುದ್ಧಿ" ಅಂದ ಕೆಂಡಗಣ್ಣ. ಈ ಆಶ್ರಮ ಬಿಟ್ಟು ಬದುಕುವ ಆಸೆ ಅವನಿಗೆ ಎಳ್ಳಷ್ಟೂ ಇರಲಿಲ್ಲ.

ಹಳೇ ಗಾಡಿ ಮಾರುವವನ ಅಂಗಳದಲ್ಲಿ ಕೆಂಡಗಣ್ಣನ ಕಣ್ಣು ಬಿದ್ದದ್ದು ಥಳಥಳ ಹೊಳೆಯುವ ನೀಲಿ ವ್ಯಾನಿನ ಮೇಲೆ. ಕೀ ತಿರುಗಿಸಿದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು.

"ಇದೇ ಇರಲಿ ಬುದ್ಧಿ. ಕರೆದ ಕೂಡಲೇ ಓಗೊಡ್ತು!"

ಗುರುಗಳು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಆಗಲೇ ಬಿಸಿಯಾಗಿತ್ತು.

"ನಾವು ಬರೋ ಮುಂಚೆನೇ ಇದನ್ನ ಯಾರೋ ಎಬ್ಬಿಸಿ ಕೂರಿಸಿದ್ದಾರೆ. ತಣ್ಣಗಿದ್ದಾಗ ಹೇಗೆ ಏಳುತ್ತೆ ಅಂತ ನಿನಗೆ ಗೊತ್ತಾ?"

ಮಾರುವವನು ಆಕಾಶ ನೋಡಿದ.

ಮೂಲೆಯಲ್ಲಿ ಒಂದು ಜೀಪಿತ್ತು. ಬಾಗಿಲಿಗೆ ತುಕ್ಕು, ಸೀಟಿಗೆ ತೂತು. ಕೀ ತಿರುಗಿಸಿದರೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಅದು ಗುಜರಿಗೆ ಹೋಗೋ ಮಾಲು ಸ್ವಾಮಿ" ಅಂದ ಮಾರುವವನು.

ಗುರುಗಳು ನೆಲದ ಮೇಲೆ ಅಂಗಾತ ಮಲಗಿ ಜೀಪಿನಡಿ ತೂರಿದರು. ಕಾವಿಯೆಲ್ಲ ಮಣ್ಣಾಯಿತು. ಸ್ಪಾನರಿನಿಂದ ಚಾಸಿಯನ್ನು ಈ ತುದಿಯಿಂದ ಆ ತುದಿಯವರೆಗೆ ತಟ್ಟಿದರು. ಎಲ್ಲ ಕಡೆಯೂ ಠಣ್ಣೆಂದಿತು.

"ಬೆನ್ನುಮೂಳೆ ಗಟ್ಟಿ ಇದೆ. ಇದನ್ನೇ ತಗೊಳ್ಳೋಣ."

"ಬುದ್ಧಿ, ಇದು ದಾರೀಲಿ ಕೈ ಕೊಡುತ್ತೆ!"

"ಕೊಡುತ್ತೆ."

"ಗೊತ್ತಿದ್ದೂ ತಗೊಳ್ತೀರಾ?"

"ಅದಕ್ಕೇ."

ನಾಲ್ಕು ತಿಂಗಳು ಕೆಂಡಗಣ್ಣ ಜೀಪಿನಡಿಯಲ್ಲೇ ಸಂಸಾರ ಹೂಡಿದ. ಗುರುಗಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಹೇಳಿಕೊಡುತ್ತಿದ್ದರು. ಒಂದು ನಟ್ಟನ್ನೂ ಮುಟ್ಟುತ್ತಿರಲಿಲ್ಲ.

"ಬುದ್ಧಿ, ನೀವೂ ಸ್ವಲ್ಪ ಕೈ ಹಚ್ಚಿದರೆ ಗಾಡಿ ಬೇಗ ದಾರಿಗೆ ಬರುತ್ತೆ."

"ಬರುತ್ತೆ. ಆದರೆ ಈ ಕೆಲಸ ನನಗೆ ಆಗಲೇ ಬರುತ್ತಲ್ಲಪ್ಪ!"

ಬಿಚ್ಚಿದ, ತೊಳೆದ, ಜೋಡಿಸಿದ, ಮತ್ತೆ ಬಿಚ್ಚಿದ. ಎರಡು ಸಲ ಸಿಟ್ಟು ಬಂದು ಸ್ಪಾನರನ್ನು ಹೊಳೆಯ ಕಡೆಗೆ ಎಸೆದ. ಎರಡು ಸಲವೂ ತಾನೇ ಹೋಗಿ ಹುಡುಕಿ ತಂದ. ಗುರುಗಳು ನೋಡಿಯೂ ನೋಡದ ಹಾಗೆ ಕೂತಿದ್ದರು.

ಮಾಗಿಯ ಒಂದು ಬೆಳಿಗ್ಗೆ, ಮೈ ಕೊರೆಯುವ ಚಳಿಯಲ್ಲಿ, ಜೀಪು ಒಂದೇ ಏಟಿಗೆ ಎದ್ದಿತು. ಕೆಂಡಗಣ್ಣನ ಕಣ್ಣು ತುಂಬಿ ಬಂತು.

ಆಶ್ರಮಕ್ಕೆ ಅಕ್ಕಿ ತರಲು ಇಬ್ಬರೂ ಅದರಲ್ಲೇ ಹೊರಟರು. ಅರ್ಧ ದಾರಿಯ ಏರಿನಲ್ಲಿ ಜೀಪು ಕೆಮ್ಮಿತು, ನಡುಗಿತು, ನಿಂತೇಬಿಟ್ಟಿತು.

ಡೀಸೆಲ್ ಪೈಪಿಗೆ ಗಾಳಿ ಸೇರಿದೆ ಅಂತ ಆ ಕೆಮ್ಮು ಕೇಳಿದಾಗಲೇ ಅವನಿಗೆ ತಿಳಿದಿತ್ತು. ಆದರೂ ಮನಸ್ಸು ತನ್ನ ಹಳೇ ಚಾಳಿಗೆ ಓಡಿತು. ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂದು ನಿಂತಿತು. ಅವನ ಊರಿನ ಬಸ್ಸೇ.

"ಹತ್ತಿ ಹತ್ತಿ, ಸೀಟಿದೆ!" ಕಂಡಕ್ಟರ್ ಕೂಗಿದ.

ಕೆಂಡಗಣ್ಣ ಕೆಳಗಿಳಿದು ಬಸ್ಸಿನ ಕಡೆಗೆ ಎರಡು ಹೆಜ್ಜೆ ಇಟ್ಟ. ನಿಂತ. ತನ್ನ ಎರಡೂ ಅಂಗೈ ನೋಡಿಕೊಂಡ. ಎಷ್ಟು ಉಜ್ಜಿದರೂ ಹೋಗದ ಗ್ರೀಸು ಗೆರೆಗೆರೆಯಲ್ಲೂ ಕೂತಿತ್ತು. ತಿರುಗಿ ಜೀಪಿನ ಹತ್ತಿರ ಬಂದ.

"ನಾನು ಅವತ್ತೇ ಹೇಳಿರಲಿಲ್ಲವಾ ಬುದ್ಧಿ? ಕೊನೆಗೂ ಕೈ ಕೊಟ್ಟುಬಿಡ್ತು."

ಗುರುಗಳು ಕೂತಲ್ಲಿಂದ ಏಳಲಿಲ್ಲ. ಸೀಟಿನಡಿಯಿಂದ ಸ್ಪಾನರ್ ತೆಗೆದು ಅವನತ್ತ ಚಾಚಿದರು.

"ಕೈ ಕೊಟ್ಟಿದೆ ತಾನೆ? ಹಿಡ್ಕೊ."